ಕೈಗಾ ಬಗ್ಗೆ ದಿಲ್ಲಿಯಲ್ಲಿ ಕೇಳುವವರು ಯಾರು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಅಕ್ಕನ ಮಗ ಕೈಗಾ ಅಣುಸ್ಥಾವರದಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಅವನ ಮೈಗೆ ತಗಲುವ ವಿಕಿರಣದ ಲೆಕ್ಕ ಇಡುವವರು ಯಾರು, ಆ ಲೆಕ್ಕ ಸರಿಯಿದೆಯೇ ಎಂದು ನೋಡುವವರು ಯಾರು? ಬೇಸಿಗೆಯಲ್ಲಿ ಕಾಳಿ ನದಿಯ ನೀರು ಇಳಿದರೆ ಸ್ಥಾವರದ ಗತಿ ಏನು ಎಂಬುದು ಇನ್ನೊಂದು ಚಿಂತೆ. ವಿಚಾರಿಸಿದಾಗ ಒಬ್ಬರು ಸಂಸತ್ತಿನ ಇಂಧನ ಸಮಿತಿಗೆ ಬರೆಯಿರಿ ಎಂದರು. ಇನ್ನೊಬ್ಬರು ಪರಿಸರ ಸಮಿತಿ ಎಂದರು. ಮತ್ತೊಬ್ಬರು, ಅಣುಶಕ್ತಿ ಅಂದರೆ ಗುಟ್ಟಿನ ವಿಷಯ, ಯಾವ ಸಮಿತಿಯೂ ಕೇಳುವ ಹಾಗಿಲ್ಲ ಎಂದುಬಿಟ್ಟರು. ಯಾರ ಮಾತು ಸರಿ? ಇದಕ್ಕೆಲ್ಲ ಒಂದೇ ಸಮಿತಿ ಯಾಕಿಲ್ಲ?

ಉತ್ತರ:

ಮೂವರ ಮಾತಿನಲ್ಲೂ ಒಂದೊಂದು ಚೂರು ನಿಜವಿದೆ. ಹಾಗಾಗಿಯೇ ನಿಮಗೆ ಗೊಂದಲವಾಗಿದೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಹೇಳಿದವಳು ನಾನು. ಸಂಸತ್ತಿನ ಸಮಿತಿಗಳ ವಿಷಯ ಬಂದಾಗಲೆಲ್ಲ ಮಕ್ಕಳಿಗೆ ಸೊಪ್ಪಿನಬೆಟ್ಟದ ಉದಾಹರಣೆ ಕೊಡುತ್ತಿದ್ದೆ. ತೋಟದ ಮೇಲಿನ ಬೆಟ್ಟದ ಸೊಪ್ಪು ತರಗೆಲೆ ನಮಗೆ, ಮರ ಅರಣ್ಯ ಇಲಾಖೆಗೆ, ಪಹಣಿ ಕಂದಾಯ ಇಲಾಖೆಗೆ, ಗಡಿಕಲ್ಲಿನ ತಕರಾರು ಸರ್ವೆಯವರಿಗೆ. ಬೆಟ್ಟ ಒಂದೇ, ಕೇಳುವವರು ನಾಲ್ಕು ಕಡೆ. 'ಈ ಬೆಟ್ಟ ಯಾರದ್ದು' ಎಂದು ಕೇಳಿಕೊಂಡು ಹೋದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. 'ಈ ಮರ ಕಡಿದವರು ಯಾರು' ಎಂದು ಕೇಳಿದವರಿಗೆ ಉತ್ತರ ಸಿಗುತ್ತದೆ. ಕೈಗಾದ ವಿಷಯವೂ ಹಾಗೆಯೇ. ಸಂಸತ್ತು ಅಣುಶಕ್ತಿ ಇಲಾಖೆಯನ್ನು ಇಡಿಯಾಗಿ ಯಾವ ಸಮಿತಿಯ ಕೈಗೂ ಕೊಟ್ಟಿಲ್ಲ. ಹಂಚಿರುವುದು ಪ್ರಶ್ನೆಗಳನ್ನು.

ಮೊದಲು ಮೇಲುಸ್ತುವಾರಿಗೆ ಒಳಪಡುವವರು ಯಾರು ಎಂದು ನೋಡೋಣ. ಅಣುಶಕ್ತಿ ಇಲಾಖೆ ಹುಟ್ಟಿದ್ದು 1954ರ ಆಗಸ್ಟಿನಲ್ಲಿ, ನೇರವಾಗಿ ಪ್ರಧಾನಿಯವರ ಕೈಕೆಳಗೆ. ಇಂದಿಗೂ ಆ ಖಾತೆ ಪ್ರಧಾನಿಯವರದ್ದೇ. ಸದನದಲ್ಲಿ ಉತ್ತರ ಕೊಡುವವರು ಸಾಮಾನ್ಯವಾಗಿ ಅವರ ಕಚೇರಿಯ ರಾಜ್ಯ ಸಚಿವರು. ಇಲಾಖೆಯ ಕಾರ್ಯದರ್ಶಿಯೇ ಅಣುಶಕ್ತಿ ಆಯೋಗದ ಅಧ್ಯಕ್ಷರೂ ಹೌದು. ಕೈಗಾ ಸ್ಥಾವರವನ್ನು ನಡೆಸುವುದು ಇಲಾಖೆಯಲ್ಲ, ಅದರ ಕೆಳಗಿರುವ ಸರ್ಕಾರಿ ಕಂಪನಿ, ಎನ್‌ಪಿಸಿಐಎಲ್. 1987ರಲ್ಲಿ ಆದದ್ದು. ಸುರಕ್ಷತೆ ನೋಡಿಕೊಳ್ಳಲು 1983ರ ನವೆಂಬರಿನಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಬಂತು. ಜನ ಎಇಆರ್‌ಬಿ ಎನ್ನುವುದು ಇದನ್ನೇ. ಈ ಮಂಡಳಿ ವರದಿ ಒಪ್ಪಿಸುತ್ತಿದ್ದುದು ಅಣುಶಕ್ತಿ ಆಯೋಗಕ್ಕೆ. ಸ್ಥಾವರ ಕಟ್ಟಿಸುವ ಇಲಾಖೆಯ ಕಾರ್ಯದರ್ಶಿಯೇ ಆಯೋಗದ ಅಧ್ಯಕ್ಷರು, ಸ್ಥಾವರವನ್ನು ತಪಾಸಣೆ ಮಾಡುವ ಮಂಡಳಿ ಆ ಆಯೋಗದ ಕೆಳಗೆ. ಈ ಒಂದು ಗಂಟನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕೆಲವು ಸಮಿತಿಗಳು ಇದಕ್ಕೆ ಎಡವಿದವೇ.

ಇಲಾಖೆಗಳನ್ನು ಹಂಚಿಕೊಂಡು ನೋಡುವ ಸಂಸತ್ತಿನ ಸ್ಥಾಯಿ ಸಮಿತಿಗಳ ವ್ಯವಸ್ಥೆ 1993ರಲ್ಲಿ ಶುರುವಾಯಿತು. ಆಗ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳು ಸದಸ್ಯರಾಗುವಂತಿಲ್ಲ. 24ರಲ್ಲಿ 16 ಲೋಕಸಭಾಧ್ಯಕ್ಷರ ಕೈಯಲ್ಲಿ, 8 ರಾಜ್ಯಸಭೆಯ ಸಭಾಪತಿಗಳ ಕೈಯಲ್ಲಿ. ಅಣುಶಕ್ತಿ ಇಲಾಖೆ ಬಂದದ್ದು ರಾಜ್ಯಸಭೆಯ ಕಡೆಯ ಒಂದು ಸಮಿತಿಗೆ. ಅದರ ಹೆಸರು ಉದ್ದ: ವಿಜ್ಞಾನ ಮತ್ತು ತಂತ್ರಜ್ಞಾನ, ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸ್ಥಾಯಿ ಸಮಿತಿ. ನಿಮಗೆ 'ಪರಿಸರ ಸಮಿತಿ' ಎಂದವರು ಹೇಳಿದ್ದು ಇದನ್ನೇ. ಹೆಸರಿನಲ್ಲಿ ಅಣು ಎಂಬ ಅಕ್ಷರವೇ ಇಲ್ಲದ ಕಾರಣ ಹುಡುಕುವವರಿಗೆ ಸಿಗುವುದಿಲ್ಲ, ಆದರೆ ಅಣುಶಕ್ತಿ, ಬಾಹ್ಯಾಕಾಶ, ಭೂವಿಜ್ಞಾನ ಎಲ್ಲವೂ ಅದರ ಮಡಿಲಲ್ಲೇ ಇವೆ.

ಇಂಧನ ಸಮಿತಿ ಎಂದವರು ಎಡವಿದ್ದು ಹೆಸರು ನೋಡಿ. ಆ ಸಮಿತಿಗೆ ಸೇರಿದ್ದು ವಿದ್ಯುತ್ ಸಚಿವಾಲಯ ಮತ್ತು ನವೀಕರಿಸಬಹುದಾದ ಇಂಧನದ ಸಚಿವಾಲಯ, ಅಷ್ಟೇ. ಕೈಗಾದಲ್ಲಿ ಹುಟ್ಟುವುದು ಕರೆಂಟೇ ಆದರೂ ಅದನ್ನು ಹುಟ್ಟಿಸುವ ಇಲಾಖೆ ಬೇರೆ. ಆದರೆ ಅದೇ ಕರೆಂಟು ಬೇಲಿ ದಾಟಿ ಪವರ್‌ಗ್ರಿಡ್‌ನ ಹೈಟೆನ್ಷನ್ ಲೈನಿಗೆ ಬಂದ ಕೂಡಲೇ ಇಂಧನ ಸಮಿತಿಯ ಮಾತು ನಡೆಯುತ್ತದೆ. ನಿಮ್ಮ ಊರಿನ ಕಾಡಿನಲ್ಲಿ ಅಂಥ ಲೈನು ಎಳೆದರೆ ಅವರನ್ನೇ ಕೇಳಬೇಕು.

ಈ ಉದ್ದ ಹೆಸರಿನ ಸಮಿತಿಯ ಕೆಲಸ ಎರಡು ಬಗೆಯದು. ಪ್ರತಿ ವರ್ಷ ಬಜೆಟ್ ಆದ ಮೇಲೆ ಸದನಕ್ಕೆ ಬಿಡುವು ಕೊಡುತ್ತಾರಲ್ಲ, ಆಗ ಅದು ಇಲಾಖೆಯ ಅನುದಾನ ಬೇಡಿಕೆಗಳನ್ನು ಮುಂದಿಟ್ಟುಕೊಂಡು ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸುತ್ತದೆ. ಸದನದಲ್ಲಿ ಬಹುತೇಕ ಇಲಾಖೆಗಳ ಬೇಡಿಕೆ ಚರ್ಚೆಯೇ ಇಲ್ಲದೆ ಕೊನೆಯ ದಿನ ಒಟ್ಟಿಗೆ ಅಂಗೀಕಾರವಾಗುತ್ತದೆ. ಗಿಲೋಟಿನ್ ಎನ್ನುವುದು ಅದಕ್ಕೇ. ಹೀಗಾಗಿ ಅಣುಶಕ್ತಿಯ ದುಡ್ಡಿನ ಬಗ್ಗೆ ಚುನಾಯಿತರು ಬಾಯಿಬಿಟ್ಟು ಕೇಳುವ ಜಾಗ ವರ್ಷದಲ್ಲಿ ಇದೊಂದೇ ಇರಬಹುದು. ಎರಡನೆಯ ಕೆಲಸ, ಸದನ ಕಳಿಸಿದ ಮಸೂದೆಗಳನ್ನು ಬಿಡಿಸಿ ನೋಡುವುದು. ಈ ಸಮಿತಿ ತನ್ನ ಶಕ್ತಿ ತೋರಿಸಿದ್ದು ಅಲ್ಲಿ. 2010ರ ಮೇ ತಿಂಗಳಲ್ಲಿ ಅಣು ಹಾನಿ ಪರಿಹಾರದ ಮಸೂದೆ ಬಂದಾಗ ಸ್ಥಾವರ ನಡೆಸುವವರ ಹೊಣೆಗೆ 500 ಕೋಟಿ ರೂಪಾಯಿಯ ಮಿತಿ ಹಾಕಿದ್ದರು. ಮಸೂದೆ ಈ ಸಮಿತಿಗೆ ಹೋಯಿತು. ಆಗಸ್ಟಿನಲ್ಲಿ ಸಮಿತಿ ಅದನ್ನು 1,500 ಕೋಟಿಗೆ ಏರಿಸಿ ಎಂದಿತು, ಅದೇ ತಿಂಗಳು ಸಂಸತ್ತು ಹಾಗೆಯೇ ಅಂಗೀಕರಿಸಿತು. ಭೋಪಾಲ ಅನಿಲ ದುರಂತದ ತೀರ್ಪು ಬಂದು ದೇಶವೆಲ್ಲ ಕುದಿಯುತ್ತಿದ್ದ ಬೇಸಿಗೆ ಅದು, ಸಮಿತಿಯ ಮಾತಿಗೆ ಆ ಕಾವೂ ಬಲ ಕೊಟ್ಟಿತು. ಒಂದು ಕೋಣೆಯಲ್ಲಿ ಕೂತವರು ಮೂರು ತಿಂಗಳಲ್ಲಿ ಸಾವಿರ ಕೋಟಿಯ ವ್ಯತ್ಯಾಸ ಮಾಡಿದರು. ಸಮಿತಿಗಳಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಇದು.

ಮುಂದಿನ ವರ್ಷದ್ದು ಬೇರೆ ಕಥೆ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆಯಿತು. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಂತ್ರಣ ಮಂಡಳಿಯ ಜಾಗಕ್ಕೆ ಕಾಯ್ದೆಯ ಬಲವಿರುವ ಹೊಸ ಪ್ರಾಧಿಕಾರ ತರುವ ಮಸೂದೆ ಮಂಡಿಸಿತು. ಅದೂ ಈ ಸಮಿತಿಗೇ ಬಂತು. 2012ರ ಮಾರ್ಚಿನಲ್ಲಿ ಸಮಿತಿ ವರದಿ ಕೊಟ್ಟಿತು. ಆಮೇಲೆ ಎರಡು ವರ್ಷ ಮಸೂದೆ ಅಲ್ಲಾಡಲಿಲ್ಲ, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದರ ಜೊತೆಗೇ ಬಿದ್ದುಹೋಯಿತು. ಸಮಿತಿ ತನ್ನ ಕೆಲಸ ಮಾಡಿತ್ತು. ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. ಅದರ ಮಾತು ಶಿಫಾರಸು. ಒಪ್ಪಿದೆವೋ ಬಿಟ್ಟೆವೋ ಎಂದು ಇಲಾಖೆ ಲಿಖಿತವಾಗಿ ತಿಳಿಸಬೇಕು, ಅಷ್ಟೇ.

ಈ ಸಮಿತಿಯ ರಚನೆಯಲ್ಲೇ ನನ್ನನ್ನು ಬಹಳ ವರ್ಷಗಳಿಂದ ಕಾಡುವ ಸಂಗತಿಗಳು ಎರಡು. ಸದಸ್ಯತ್ವದ ಅವಧಿ ಒಂದೇ ವರ್ಷ. ಭಾರಜಲ ಎಂದರೇನು, ಮೊದಲ ಹಂತದ ರಿಯಾಕ್ಟರ್ ಎಂದರೇನು ಎಂದು ಒಬ್ಬ ಸಂಸದರು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಸಮಿತಿ ಹೊಸದಾಗಿ ರಚನೆಯಾಗಿರುತ್ತದೆ. ಎದುರಿಗೆ ಕೂತ ವಿಜ್ಞಾನಿಗಳು ಮೂವತ್ತು ವರ್ಷ ಅದರಲ್ಲೇ ಮುಳುಗಿದವರು. ಇನ್ನೊಂದು, ಸ್ಥಾವರ ಕಟ್ಟಿಸುವ ಇಲಾಖೆಯೂ ಅದಕ್ಕೆ ಪರಿಸರ ಅನುಮತಿ ಕೊಡುವ ಸಚಿವಾಲಯವೂ ಒಂದೇ ಸಮಿತಿಯ ಕೆಳಗಿವೆ. ಇದನ್ನು ಲಾಭ ಎಂದೂ ಹೇಳಬಹುದು. 2019ರಲ್ಲಿ ಕೈಗಾದ 5 ಮತ್ತು 6ನೇ ಘಟಕಗಳಿಗೆ, ತಲಾ 700 ಮೆಗಾವಾಟಿನವು, ಪರಿಸರ ಅನುಮತಿ ಸಿಕ್ಕಿತು. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ ಕೇಳುವ ಅವಕಾಶ ಈ ಸಮಿತಿಗೆ ಇದೆ. ಆದರೆ ಕಾಡು, ಹುಲಿ, ಹವಾಮಾನ, ರಾಕೆಟ್, ಸಮುದ್ರ ಇಷ್ಟೆಲ್ಲ ಹೊತ್ತವರಿಗೆ ಅಣುಶಕ್ತಿಗೆ ಉಳಿಯುವ ದಿನಗಳು ಎಷ್ಟು?

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹರಿತವಾದ ಸಮಿತಿಗೆ ಬರುತ್ತೇನೆ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಪಿಎಸಿ. 22 ಮಂದಿ, 1967ರಿಂದ ಅಧ್ಯಕ್ಷತೆ ವಿರೋಧ ಪಕ್ಷದವರದ್ದು. ಅದರ ಕೈಯಲ್ಲಿರುವುದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ, ಅಂದರೆ ಸಿಎಜಿಯ, ವರದಿ. ಬೇರೆ ಸಮಿತಿಗಳು ಇಲಾಖೆ ಕೊಟ್ಟ ಕಾಗದ ಓದಿಕೊಂಡು ಪ್ರಶ್ನೆ ಕೇಳುತ್ತವೆ. ಪಿಎಸಿಗಾದರೆ ಮೊದಲೇ ಲೆಕ್ಕಪರಿಶೋಧಕರು ಕಡತಗಳ ಒಳಗೆ ಹೋಗಿ ಬಂದಿರುತ್ತಾರೆ. ನಮ್ಮ ಸಹಕಾರ ಸಂಘದ ವಾರ್ಷಿಕ ಸಭೆ ನೆನೆಸಿಕೊಳ್ಳಿ. ಕಾರ್ಯದರ್ಶಿಯ ಭಾಷಣ ಕೇಳಿ ಎದ್ದ ಪ್ರಶ್ನೆಗೂ ಆಡಿಟ್ ವರದಿ ಕೈಯಲ್ಲಿ ಹಿಡಿದು ಎದ್ದ ಪ್ರಶ್ನೆಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು.

2012ರ ಆಗಸ್ಟಿನಲ್ಲಿ ಸಿಎಜಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಬಗ್ಗೆಯೇ ಒಂದು ವರದಿ ಮಂಡಿಸಿತು. ಅದು ಬಂದಾಗ ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಓದಿ ಹೇಳಿದ್ದೆ. ದೊಡ್ಡ ಸ್ಥಾವರಗಳ ವಿಷಯ ಹಾಗಿರಲಿ, ಮಕ್ಕಳು ಬೆಚ್ಚಿದ್ದು ಎಕ್ಸ್‌ರೇ ಯಂತ್ರಗಳ ಲೆಕ್ಕ ಕೇಳಿ. ದೇಶದಲ್ಲಿ ನಡೆಯುತ್ತಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯಲ್ಲಿ ನೋಂದಣಿಯಾಗಿದ್ದವು 5,270. ಉಳಿದ ನೂರಕ್ಕೆ 91 ಭಾಗ ಲೆಕ್ಕಕ್ಕೇ ಇರಲಿಲ್ಲ. ಅಣು ಎಂದರೆ ದೂರದ ಕಾರವಾರದ ಸಂಗತಿ ಎಂದುಕೊಂಡಿದ್ದ ಹುಡುಗಿಯೊಬ್ಬಳು, 'ಹಾಗಾದರೆ ನಮ್ಮ ಊರಿನ ಆಸ್ಪತ್ರೆಯಲ್ಲಿ ನನ್ನ ತಮ್ಮನಿಗೆ ಎಕ್ಸ್‌ರೇ ತೆಗೆದದ್ದು?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಂಡಳಿ ಹುಟ್ಟಿ ಮೂರು ದಶಕವಾಗುತ್ತ ಬಂದಿದ್ದರೂ ದೇಶಕ್ಕೊಂದು ವಿಕಿರಣ ಸುರಕ್ಷತಾ ನೀತಿ ಬರೆದಿರಲಿಲ್ಲ ಎಂದೂ ಆ ವರದಿ ಹೇಳಿತು. ನಿಯಮ ಮುರಿದವರಿಗೆ ಹಾಕಬಹುದಾದ ದಂಡ ಹೆಚ್ಚೆಂದರೆ 500 ರೂಪಾಯಿ. ಸಂತೆಯ ದಿನ ಗಾಡಿ ತಪ್ಪು ಜಾಗದಲ್ಲಿ ನಿಲ್ಲಿಸಿದರೂ ಅಷ್ಟು ತೆರಬೇಕಾದೀತು.

ಪಿಎಸಿ ಆ ವರದಿಯನ್ನು ಎತ್ತಿಕೊಂಡು ಅಧಿಕಾರಿಗಳನ್ನು ಕರೆಸಿ, 2013ರ ಡಿಸೆಂಬರಿನಲ್ಲಿ ಸಂಸತ್ತಿಗೆ ತನ್ನ ವರದಿ ಕೊಟ್ಟಿತು. ಆಗ ಅದರ ಅಧ್ಯಕ್ಷರು ಮುರಳಿ ಮನೋಹರ ಜೋಶಿ. ಅವರು ಸ್ವತಃ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂಬುದು ಗಮನಿಸಬೇಕಾದ ಸಂಗತಿ. ಮಂಡಳಿ ಎಕ್ಸ್‌ರೇ ಪರವಾನಗಿಗೆ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಇವತ್ತು ಶಿವಮೊಗ್ಗದ ಯಾವುದೇ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ 'ಎಇಆರ್‌ಬಿ ಪರವಾನಗಿ ತೋರಿಸಿ' ಎಂದು ನೀವು ಕೇಳಬಹುದು. ಕೇಳಿ ಎಂದೇ ನಾನು ಹೇಳುತ್ತೇನೆ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾರ್ವಜನಿಕ ಉದ್ದಿಮೆಗಳ ಸಮಿತಿ 1964ರದ್ದು. ಎನ್‌ಪಿಸಿಐಎಲ್, ಯುರೇನಿಯಂ ನಿಗಮ ಇಂಥ ಕಂಪನಿಗಳನ್ನು ಕಂಪನಿಗಳಾಗಿ ನೋಡುವುದು ಅದರ ಕೆಲಸ: ಘಟಕ ಕಟ್ಟಲು ಎಷ್ಟು ತಡವಾಯಿತು, ವೆಚ್ಚ ಎಷ್ಟು ಉಬ್ಬಿತು ಎಂದು. ಸರ್ಕಾರದ ದೊಡ್ಡ ನೀತಿಯನ್ನೂ ದಿನನಿತ್ಯದ ಆಡಳಿತವನ್ನೂ ಅದು ಮುಟ್ಟುವಂತಿಲ್ಲ. ಅಂದಾಜು ಸಮಿತಿಯ 30 ಮಂದಿಯೂ ಲೋಕಸಭೆಯವರೇ. ಅದು ಯಾವ ಇಲಾಖೆಯನ್ನು ಬೇಕಾದರೂ ಎತ್ತಿಕೊಳ್ಳಬಹುದು, ಆದರೆ ಸರದಿ ಬರಬೇಕು. ಕಾಯ್ದೆಯ ಕೆಳಗೆ ಹೊರಡಿಸುವ ನಿಯಮಗಳನ್ನು ನೋಡಲು ಅಧೀನ ಶಾಸನ ಸಮಿತಿ ಇದೆ. ಸಚಿವರು ಸದನದಲ್ಲಿ 'ಪರಿಶೀಲಿಸುತ್ತೇವೆ' ಎಂದು ಕೊಟ್ಟ ಮಾತನ್ನು ಬೆನ್ನಟ್ಟುವ ಭರವಸೆಗಳ ಸಮಿತಿಯೂ ಇದೆ. ಈ ಕೊನೆಯದನ್ನು ಜನ ಮರೆಯುತ್ತಾರೆ. ನಿಮ್ಮ ಸಂಸದರು ಒಂದು ಪ್ರಶ್ನೆ ಕೇಳಿ ಉತ್ತರದಲ್ಲಿ ಒಂದು ಭರವಸೆ ಹುಟ್ಟಿದರೆ ಅದು ಆ ಸಮಿತಿಯ ಪಟ್ಟಿಗೆ ಸೇರುತ್ತದೆ, ಈಡೇರುವವರೆಗೆ ಅಥವಾ ಕೈಬಿಡಲು ಸಮಿತಿ ಒಪ್ಪುವವರೆಗೆ ಅಲ್ಲೇ ಇರುತ್ತದೆ.

ಹಂಚಿಕೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ತಿಳಿಯಲು ಕೈಗಾದ್ದೇ ಒಂದು ಘಟನೆ ತೆಗೆದುಕೊಳ್ಳೋಣ. 2009ರ ನವೆಂಬರಿನಲ್ಲಿ ಅಲ್ಲಿನ 50ಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಅದು ವಿಕಿರಣ ಸೂಸುವ ಒಂದು ಬಗೆಯ ಜಲಜನಕ. ಹುಡುಕಿದಾಗ ಮೂಲ ಸಿಕ್ಕಿದ್ದು ಕುಡಿಯುವ ನೀರಿನ ಕೂಲರಿನಲ್ಲಿ. ರಿಯಾಕ್ಟರಿನ ಸೋರಿಕೆಯಲ್ಲ, ಒಳಗಿನವರೇ ಯಾರೋ ರಿಯಾಕ್ಟರಿನಲ್ಲಿ ಬಳಸುವ, ಟ್ರಿಟಿಯಂ ಇದ್ದ ಭಾರಜಲವನ್ನು ಅದಕ್ಕೆ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು.

ಆ ಒಂದು ಕೂಲರನ್ನು ಸಂಸತ್ತಿನ ಕಣ್ಣಿನಿಂದ ನೋಡಿ. ನೌಕರರ ಮೈಯೊಳಗೆ ಎಷ್ಟು ಹೋಯಿತು, ಮಿತಿ ಮೀರಿತೇ ಎಂಬುದು ಸುರಕ್ಷತೆಯ ಪ್ರಶ್ನೆ. ಅದು ನಿಯಂತ್ರಣ ಮಂಡಳಿಯ ಮೂಲಕ ಉದ್ದ ಹೆಸರಿನ ಸಮಿತಿಗೆ. ಕಾವಲಿದ್ದೂ ಒಳಗಿನವರು ಹೀಗೆ ಮಾಡಿದ್ದು ಹೇಗೆ? ಸ್ಥಾವರದ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದ್ದು, ಆ ಪಡೆ ಗೃಹ ಸಚಿವಾಲಯದ್ದು, ಹಾಗಾಗಿ ಅದು ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ. ಭಾರಜಲ ಎಷ್ಟು ಬಂತು ಎಷ್ಟು ಹೋಯಿತು ಎಂಬ ದಾಸ್ತಾನಿನ ಲೆಕ್ಕ ಸಡಿಲವಾಗಿತ್ತೇ? ಅದು ಆಡಿಟ್, ಅಲ್ಲಿಂದ ಪಿಎಸಿ. ಕಂಪನಿಯ ಆಡಳಿತ ಹದಗೆಟ್ಟಿತ್ತೇ ಎಂದರೆ ಉದ್ದಿಮೆಗಳ ಸಮಿತಿ. ಗುತ್ತಿಗೆ ಕಾರ್ಮಿಕರ ಸಂಬಳ, ಪಿಎಫ್ ಎಂದರೆ ಕಾರ್ಮಿಕ ಇಲಾಖೆಯನ್ನು ನೋಡುವ ಸಮಿತಿ. ಅಪರಾಧದ ತನಿಖೆಗೆ ಬಂದವರು ಪೊಲೀಸರು, ಅವರು ರಾಜ್ಯ ಸರ್ಕಾರದವರು, ಅವರನ್ನು ಕೇಳುವುದು ಬೆಂಗಳೂರಿನ ವಿಧಾನಸೌಧ. ಒಂದು ಲೋಟ ನೀರಿಗೆ ಆರು ಬಾಗಿಲು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತು ಇಲ್ಲಿ ಭಯ ಹುಟ್ಟಿಸುತ್ತದೆ. ಯಾಕೆಂದರೆ ಆ ಆರು ಕಡೆಯವರೂ ಒಟ್ಟಿಗೆ ಕೂತು ಒಂದು ಘಟನೆಯನ್ನು ಇಡಿಯಾಗಿ ನೋಡುವ ಏರ್ಪಾಡು ನಮ್ಮಲ್ಲಿ ಇಲ್ಲ. ಜಂಟಿ ಸಂಸದೀಯ ಸಮಿತಿ ಮಾಡಬಹುದು, ಆದರೆ ಅದಕ್ಕೆ ಎರಡೂ ಸದನ ಒಪ್ಪಬೇಕು.

ಹಾಗಿದ್ದರೆ ಒಂದೇ ಸಮಿತಿ ಇರಲಿ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದನ್ನು ಒಂದು ದೇಶ ಮಾಡಿ ನೋಡಿದೆ. ಅಮೆರಿಕದಲ್ಲಿ 1946ರ ಅಣುಶಕ್ತಿ ಕಾಯ್ದೆ ಒಂದು ಜಂಟಿ ಸಮಿತಿ ಸ್ಥಾಪಿಸಿತು. ಸೆನೆಟ್‌ನಿಂದ 9, ಪ್ರತಿನಿಧಿ ಸಭೆಯಿಂದ 9. ಬಾಂಬು, ವಿದ್ಯುತ್ತು, ಗಣಿ, ಸಂಶೋಧನೆ, ಸುರಕ್ಷತೆ ಎಲ್ಲವೂ ಅದರದ್ದೇ. ಅಲ್ಲಿನ ಅಣುಶಕ್ತಿ ಆಯೋಗ ತನ್ನ ಎಲ್ಲ ಕೆಲಸವನ್ನೂ ಸಮಿತಿಗೆ ಆಗಿಂದಾಗ್ಗೆ ಪೂರ್ತಿಯಾಗಿ ತಿಳಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದ್ದರು. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ಬಲವಿದ್ದ ಸಮಿತಿಗಳು ಬಹಳ ಕಡಿಮೆ. ಸದಸ್ಯರು ವರ್ಷಗಟ್ಟಲೆ ಅಲ್ಲೇ ಇದ್ದು ವಿಷಯ ಅರೆದು ಕುಡಿದಿದ್ದರು. ಆದರೆ ಅದೇ ಮುಳುವಾಯಿತು. ಗುಟ್ಟಿನ ಕೋಣೆಯಲ್ಲಿ ಆಯೋಗದ ಜೊತೆ ಇಷ್ಟು ವರ್ಷ ಕೂತವರು ಆಯೋಗದ ಕಣ್ಣಿನಿಂದಲೇ ನೋಡಲು ಕಲಿತರು. ಕೇಳಬೇಕಾದವರು ಬೆಂಬಲಿಗರಾದರು. ಸ್ಥಾವರಗಳ ಸುರಕ್ಷತೆ ಬಗ್ಗೆ ಜನ ಹೊರಗಿನಿಂದ ಪ್ರಶ್ನೆ ಎತ್ತಿದಾಗ ಆ ಸಮಿತಿ ಕಿವಿಗೊಡಲು ತಡಮಾಡಿತು. 1975ರ ಜನವರಿಯಲ್ಲಿ ಆಯೋಗವನ್ನೇ ಒಡೆದು, ಬೆಳೆಸುವ ಕೆಲಸ ಒಂದು ಸಂಸ್ಥೆಗೆ, ತಪಾಸಣೆಯ ಕೆಲಸ ಅಣು ನಿಯಂತ್ರಣ ಆಯೋಗಕ್ಕೆ ಕೊಟ್ಟರು. 1977ರಲ್ಲಿ ಜಂಟಿ ಸಮಿತಿಯನ್ನೂ ಮುಚ್ಚಿದರು. ಈಗ ಅಲ್ಲಿ ನಿಯಂತ್ರಣ ಆಯೋಗವನ್ನು ಸೆನೆಟ್‌ನ ಪರಿಸರ ಮತ್ತು ಲೋಕೋಪಯೋಗಿ ಸಮಿತಿ, ಪ್ರತಿನಿಧಿ ಸಭೆಯ ಇಂಧನ ಮತ್ತು ವಾಣಿಜ್ಯ ಸಮಿತಿ ನೋಡುತ್ತವೆ. ಬಾಂಬಿನ ಕಡೆ ಸಶಸ್ತ್ರ ಪಡೆಗಳ ಸಮಿತಿಗಳದ್ದು, ಹಣ ವಿನಿಯೋಗ ಸಮಿತಿಗಳದ್ದು. ಅಲ್ಲೂ ಸಮಿತಿಗಳ ನಡುವೆ ಗಡಿ ತಕರಾರು ಇಲ್ಲದಿಲ್ಲ. ಆದರೆ ಬೆಳೆಸುವವರನ್ನು ಕೇಳುವ ಸಮಿತಿ, ತಪಾಸಣೆ ಮಾಡುವವರನ್ನು ಕೇಳುವ ಸಮಿತಿ ಬೇರೆ ಬೇರೆಯಾದದ್ದು ದೊಡ್ಡ ಬದಲಾವಣೆ. ನಮ್ಮಲ್ಲಿ ಆಗಬೇಕಾದದ್ದೂ ಅದೇ ಎಂಬುದು ನನ್ನ ನಿಲುವು. ಸಮಿತಿಗಳು ಹಲವು ಇರುವುದು ತೊಂದರೆಯಲ್ಲ. ನಿಯಂತ್ರಣ ಮಂಡಳಿ ಒಂದನ್ನೇ ಗಮನವಿಟ್ಟು, ಪ್ರತಿ ವರ್ಷ, ಬಹಿರಂಗವಾಗಿ ಕೇಳುವ ಸಮಿತಿ ಒಂದೂ ಇಲ್ಲದಿರುವುದು ತೊಂದರೆ.

ಇದಕ್ಕೆ ಈಗ ಅವಸರ ಹೆಚ್ಚಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಶಾಂತಿ ಎಂಬ ಹೆಸರಿನ ಹೊಸ ಅಣುಶಕ್ತಿ ಮಸೂದೆಯನ್ನು ಅಂಗೀಕರಿಸಿತು. 1962ರ ಅಣುಶಕ್ತಿ ಕಾಯ್ದೆ, 2010ರ ಪರಿಹಾರ ಕಾಯ್ದೆ ಎರಡನ್ನೂ ಅದು ರದ್ದು ಮಾಡುತ್ತದೆ, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯುತ್ತದೆ. ನಿಯಂತ್ರಣ ಮಂಡಳಿಗೆ ಕೊನೆಗೂ ಕಾಯ್ದೆಯ ನೆಲೆ ಸಿಕ್ಕಿತು, ಅದು ಸ್ವಾಗತಿಸಬೇಕಾದದ್ದು. ಆದರೆ ಮಂಡಿಸಿದ ವಾರದಲ್ಲೇ ಎರಡೂ ಸದನ ದಾಟಿತು. ಸಮಿತಿಗೆ ಕಳಿಸಿ ಎಂದು ವಿರೋಧ ಪಕ್ಷಗಳು ಕೇಳಿದರೂ ಕಳಿಸಲಿಲ್ಲ. 2010ರಲ್ಲಿ ಮೂರು ತಿಂಗಳು ಕೂತು ಸಾವಿರ ಕೋಟಿ ಏರಿಸಿದ ಸಮಿತಿಗೆ ಈ ಸಲ ಮಸೂದೆಯ ಒಂದು ಸಾಲನ್ನೂ ಬಿಡಿಸಿ ನೋಡುವ ಅವಕಾಶ ಸಿಗಲಿಲ್ಲ. ಯಾವ ಪಕ್ಷದ ಸರ್ಕಾರವಾದರೂ ಇದನ್ನು ನಾನು ತಪ್ಪೆಂದೇ ಹೇಳುತ್ತಿದ್ದೆ. ಇನ್ನು ಮುಂದೆ ಖಾಸಗಿಯವರು ಸ್ಥಾವರ ಕಟ್ಟಿದರೆ ಉದ್ದಿಮೆಗಳ ಸಮಿತಿಯ ಬಾಗಿಲು ಅಲ್ಲಿಗೆ ತೆರೆಯುವುದಿಲ್ಲ, ಅದು ಸರ್ಕಾರಿ ಕಂಪನಿಗಳಿಗೆ ಮಾತ್ರ. ಆಗ ಜನಪ್ರತಿನಿಧಿಗಳ ಕೈಯಲ್ಲಿ ಉಳಿಯುವ ದೊಡ್ಡ ಹಿಡಿತ ನಿಯಂತ್ರಣ ಮಂಡಳಿಯನ್ನು ಕೇಳುವುದು.

ಗುಟ್ಟಿನ ವಿಷಯ ಎಂದವರ ಮಾತಿಗೆ ಬರುತ್ತೇನೆ. 1962ರ ಕಾಯ್ದೆಯ 18ನೇ ಕಲಮು ಸ್ಥಾವರಗಳ ಕೆಲವು ಮಾಹಿತಿಯನ್ನು ಹೊರಗೆಡಹದಂತೆ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಸಮಿತಿಗಳ ಸಭೆಯೂ ಮುಚ್ಚಿದ ಬಾಗಿಲ ಒಳಗೇ ನಡೆಯುತ್ತದೆ, ವರದಿ ಮಂಡನೆಯಾಗುವವರೆಗೆ ಒಳಗಿನ ಮಾತು ಹೊರಬರುವಂತಿಲ್ಲ. ಆದರೆ ಅದರ ಅರ್ಥ ಕೇಳಬಾರದು ಎಂದಲ್ಲ. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಮುದ್ರಿತ ವರದಿಗಳಲ್ಲಿ ಇರುವುದೇ. ಬಾಂಬಿನ ವಿನ್ಯಾಸ ಗುಟ್ಟು. ಕೂಲರಿನ ನೀರು ಗುಟ್ಟಲ್ಲ.

ಈಗ ನಿಮ್ಮ ಅಕ್ಕನ ಮಗನ ವಿಷಯ. ಸಮಿತಿಗೆ ಬರೆಯುವ ಮೊದಲು ಅವನಿಂದಲೇ ಶುರುಮಾಡಿ. ಮೈಗೆ ತಗಲಿದ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಅವನ ಹೆಸರಿನಲ್ಲೇ ಇದೆಯೇ, ಗುತ್ತಿಗೆದಾರರು ಬದಲಾದಾಗ ಹಳೆಯ ಲೆಕ್ಕ ಮುಂದುವರಿದಿದೆಯೇ ಎಂದು ವಿಚಾರಿಸಿ. ವಿಕಿರಣದಲ್ಲಿ ಕೆಲಸ ಮಾಡುವವರಿಗೆ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ತನ್ನ ಲೆಕ್ಕದ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಕೆಲಸಗಾರನಿಗೆ ಇದೆ, ಕೆಲಸ ಬಿಡುವಾಗಲೂ ಕೊಡಬೇಕು. ಅವನು ಬರಹದಲ್ಲಿ ಕೇಳಲಿ, ತಾರೀಕು ಹಾಕಿ. ಸಿಗದಿದ್ದರೆ ಆಗ ನಿಮ್ಮ ಕೈಯಲ್ಲಿ ಸ್ಪಷ್ಟವಾದ ಮೂರು ಪ್ರಶ್ನೆ ಇರುತ್ತವೆ: ಕೈಗಾದಲ್ಲಿ ಗುತ್ತಿಗೆ ಕೆಲಸಗಾರರು ಎಷ್ಟು ಮಂದಿ, ಗುತ್ತಿಗೆದಾರರು ಬದಲಾದಾಗ ಅವರ ವಿಕಿರಣದ ಲೆಕ್ಕ ಯಾರ ಬಳಿ ಉಳಿಯುತ್ತದೆ, ಕಳೆದ ಐದು ವರ್ಷದಲ್ಲಿ ನಿಯಂತ್ರಣ ಮಂಡಳಿ ಅದನ್ನು ಎಷ್ಟು ಸಲ ತಪಾಸಣೆ ಮಾಡಿದೆ? ಇವನ್ನು ನಿಮ್ಮ ಸಂಸದರ ಮೂಲಕ ಅಣುಶಕ್ತಿ ಇಲಾಖೆಗೆ ಸದನದ ಪ್ರಶ್ನೆಯಾಗಿ ಕೇಳಿಸಿ. ಅದೇ ಕಾಗದದ ಪ್ರತಿಯನ್ನು ಉದ್ದ ಹೆಸರಿನ ಸಮಿತಿಗೆ, ರಾಜ್ಯಸಭಾ ಸಚಿವಾಲಯದ ವಿಳಾಸಕ್ಕೆ ಕಳಿಸಿ. 'ಕೈಗಾ ಅಪಾಯಕಾರಿ' ಎಂದು ಬರೆದ ಕಾಗದ ಯಾವ ಬಾಗಿಲಿಗೂ ಹೊಂದುವುದಿಲ್ಲ. ಮೇಲಿನ ಮೂರು ಪ್ರಶ್ನೆಗಳನ್ನು 'ನಮ್ಮದಲ್ಲ' ಎಂದು ತಳ್ಳಿಹಾಕುವುದು ಕಷ್ಟ.

ನೂರಾರು ಕೆಲಸಗಾರರ ಸಮಸ್ಯೆ ಇದೇ ಎಂದಾದರೆ ಲೋಕಸಭೆಯ ಅರ್ಜಿಗಳ ಸಮಿತಿಗೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ಆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿರಬೇಕು, ಅದಕ್ಕೂ ಅರ್ಜಿದಾರರ ಸಹಿ ಬೇಕು. ನ್ಯಾಯಾಲಯದಲ್ಲಿರುವ ವಿಷಯವನ್ನು ಅರ್ಜಿಯಲ್ಲಿ ಎತ್ತುವಂತಿಲ್ಲ.

ಕಾಳಿಯ ನೀರಿನ ಪ್ರಶ್ನೆಯನ್ನು ಮಾತ್ರ ದಿಲ್ಲಿಗೆ ಕಳಿಸಬೇಡಿ. ಅಣುಶಕ್ತಿ ಸಂವಿಧಾನದಲ್ಲಿ ಕೇಂದ್ರಪಟ್ಟಿಯ 6ನೇ ವಿಷಯ, ಅದನ್ನು ನಮ್ಮ ಶಾಸಕರು ಮುಟ್ಟುವಂತಿಲ್ಲ ಎನ್ನುವುದು ನಿಜ. ಆದರೆ ಕೈಗಾ ತಂಪಾಗಲು ಬಳಸುವುದು ಕದ್ರಾ ಜಲಾಶಯದ ನೀರು. ಕದ್ರಾ, ಅದರ ಮೇಲಿನ ಕೊಡಸಳ್ಳಿ, ಇನ್ನೂ ಮೇಲಿನ ಸೂಪಾ ಮೂರೂ ಕರ್ನಾಟಕ ವಿದ್ಯುತ್ ನಿಗಮದ ಅಣೆಕಟ್ಟುಗಳು. ನಿಮ್ಮ ತಾಲ್ಲೂಕಿನ ಲಿಂಗನಮಕ್ಕಿಯೂ ಅದೇ ನಿಗಮದ್ದಲ್ಲವೇ? ಆ ನಿಗಮವನ್ನು ಕೇಳುವುದು ನಮ್ಮ ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿ. ಬೇಸಿಗೆಯಲ್ಲಿ ಕದ್ರಾದಲ್ಲಿ ಎಷ್ಟು ಅಡಿ ನೀರು ಉಳಿಸಬೇಕೆಂದು ಒಪ್ಪಂದವಿದೆ, ಬರದ ವರ್ಷಗಳಲ್ಲಿ ಅದು ಪಾಲನೆಯಾಗಿದೆಯೇ ಎಂದು ಆ ಸಮಿತಿ ಕೇಳಬಹುದು, ಬೇಕಾದರೆ ಅಣೆಕಟ್ಟಿಗೇ ಹೋಗಿ ನೋಡಬಹುದು. ಅವಘಡವಾದರೆ ಸುತ್ತಲಿನ 16 ಕಿಲೋಮೀಟರಿನ ಊರುಗಳನ್ನು ತೆರವು ಮಾಡಿಸುವ ಹೊಣೆಯೂ ಉತ್ತರ ಕನ್ನಡದ ಜಿಲ್ಲಾಧಿಕಾರಿಯದ್ದು, ಅವರು ರಾಜ್ಯ ಸರ್ಕಾರದವರು. ಮುಂದಿನ ಸಲ ನಿಮ್ಮ ಶಾಸಕರನ್ನು ಕಂಡಾಗ ಈ ಎರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಬೇಸಿಗೆ ಮುಗಿಯುವ ಮೊದಲೇ ಹೋಗಿ. ಮಳೆ ಹಿಡಿದ ಮೇಲೆ ನೀರಿನ ಮಾತು ಯಾರ ಕಿವಿಗೂ ಹೋಗುವುದಿಲ್ಲ.